ಶೇಂಗಾ ಇಲ್ಲದ ಉಂಡೆ

ಹ್ಯಾಲೋವೀನ್ ದಿನ ಭೂತದ ವೇಷ ಹಾಕಿದ ಮಕ್ಕಳು ಸಂಜೆ ಮನೆಮನೆಗೆ ಬಂದು ಸಿಹಿ ಕೇಳುತ್ತಾರೆ ಎಂದು ಸೊಸೈಟಿಯ ವಾಟ್ಸಾಪಿನಲ್ಲಿ ಬಿದ್ದದ್ದೇ ತಡ, ಗುಣಪಾಲಣ್ಣ ಶೇಂಗಾ ಚಿಕ್ಕಿಗೆ ಪಾಕ ಇಟ್ಟರು. ಮುಂಬೈ ಪಕ್ಕದ ಠಾಣೆ ಊರಿನಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿ ಖಾರಘರದ ಫ್ಲ್ಯಾಟಿನಲ್ಲಿ ಸುಮ್ಮನೆ ಕೂತವರಿಗೆ ತಿನ್ನುವ ಬಾಯಿ ಸಿಕ್ಕಿದರೆ ಸಾಕಾಗಿತ್ತು. ಅವರ ಸ್ವಂತ ಬಾಯಿಗಂತೂ ಹೆಂಡತಿ ಚಂಪಾ ವರ್ಷದಿಂದ ಸಿಹಿ ಮುಟ್ಟಗೊಡುತ್ತಿರಲಿಲ್ಲ.

ಚಿಕ್ಕಿ ಆರುವಷ್ಟರಲ್ಲಿ ಸೆಕ್ರೆಟರಿ ಧರ್ಮಪಾಲ ಬಂದ.

"ಗುಣಪಾಲಣ್ಣ, ಕೆಳಗಿನ ಮನೆ ಪ್ರೇಕ್ಷಾಗೆ ಶೇಂಗಾ ಆಗೂದಿಲ್ಲ. ಹೋದ ವರ್ಷ ಒಂದು ತುಂಡು ತಿಂದು ಆಸ್ಪತ್ರೆ ಸೇರಿತ್ತು."

"ಅಯ್ಯೋ ದೇವರೇ! ಈಗ?"

"ಮಗುವನ್ನು ಹೊರಗೆ ಬಿಡಬೇಡಿ ಅಂತ ಅವರಿಗೆ ಹೇಳ್ತೇವೆ. ಒಂದು ಮಗುವಿಗೋಸ್ಕರ ಎಲ್ಲರ ಖುಷಿ ಯಾಕೆ ಹಾಳು?"

ಗುಣಪಾಲಣ್ಣನ ಪಿತ್ತ ನೆತ್ತಿಗೇರಿತು. "ನನ್ನ ಬಾಗಿಲಿಗೆ ಬಂದವರು ಯಾರೂ ಬರಿಗೈಲಿ ಹೋದದ್ದಿಲ್ಲ ಮಾರಾಯ! ಆ ಮಗು ಬರ್ತದೆ, ನನ್ನ ಕೈಯಿಂದ ತಿಂತದೆ. ನಿನ್ನ ಕಮಿಟಿಗೆ ಹೇಳು ಹೋಗು!"

ಚಿಕ್ಕಿಯೆಲ್ಲ ವಾಚ್‌ಮನ್ ಪಾಲಾಯಿತು. ಎಳ್ಳುಂಡೆ ಶುರುವಾಯಿತು. ಚಟ್ನಿಯ ಉಪ್ಪು ನೋಡಿ ಹೇಳಿ ಎಂದು ಸೌಟು ಹಿಡಿದು ಬಂದ ಪಕ್ಕದ ಮನೆಯ ವನಮಾಲಾ, "ಪಾಕ ತಳ ಹಿಡೀತಾ ಉಂಟು!" ಎಂದು ಅದೇ ಸೌಟನ್ನು ಅದ್ದಿ ತಿರುವಿಯೇ ಬಿಟ್ಟಳು. ಚಟ್ನಿ ಶೇಂಗಾದ್ದು.

"ಇಷ್ಟಕ್ಕೆ ಏನಾಗ್ತದೆ?"

"ನಿಮಗೇನೂ ಆಗೂದಿಲ್ಲ!" ಎಂದು ಗುಣಪಾಲಣ್ಣ ಹಲ್ಲು ಕಡಿದರು.

ಮೂರನೆಯ ಸಲ ಹೊಸ ಪಾತ್ರೆ, ಹೊಸ ಸೌಟು ತಂದು ಬಾಗಿಲಿಗೆ ಚಿಲಕ ಹಾಕಿ ಚರುಮುರಿ ಉಂಡೆ ಕಟ್ಟಿದರು. ಬೆಲ್ ಎಷ್ಟು ಬಡಿದುಕೊಂಡರೂ ತೆಗೆಯಲಿಲ್ಲ. ಬಡಿದವಳು ತರಕಾರಿ ಚೀಲ ಹೊತ್ತ ಚಂಪಾ ಎಂದು ತಿಳಿದದ್ದು ಅರ್ಧ ಗಂಟೆಯ ಮೇಲೆ. ಆಮೇಲೆ ಬಾಗಿಲಿಗೆ ಚೀಟಿ ಅಂಟಿಸಿದರು: 'ಚರುಮುರಿ, ಬೆಲ್ಲ. ಬೇರೇನೂ ಇಲ್ಲ. ದೇವರಾಣೆಗೂ.'

ಸಂಜೆ ಬಿಳಿ ಬೆಡ್‌ಶೀಟ್ ಹೊದ್ದ ಪ್ರೇಕ್ಷಾ ತಾಯಿಯ ಕೈ ಹಿಡಿದು ಬಂದಳು. "ಅಜ್ಜ, ಶೇಂಗಾ ನಹೀ ಹೈ ನಾ?"

ತಾಯಿ ರಮಿತಾ ಚೀಟಿ ಓದಿ, ಮೂರು ಪ್ರಶ್ನೆ ಕೇಳಿ, ತಲೆಯಾಡಿಸಿದಳು. ಮಗು ತಿಂದಿತು. ಇನ್ನೊಂದು ಕೇಳಿತು. ಗುಣಪಾಲಣ್ಣನ ಕಣ್ಣು ತುಂಬಿತು. ಮೆಟ್ಟಿಲ ಮೇಲಿದ್ದ ಧರ್ಮಪಾಲನನ್ನು ಎದೆಯುಬ್ಬಿಸಿ ನೋಡಿ, ಗೆದ್ದ ಖುಷಿಗೆ ತಟ್ಟೆಯ ಕೊನೆಯ ಉಂಡೆಯನ್ನು ಬಾಯಿಗೆ ಎತ್ತಿದರು.

"ಅಜ್ಜ, ರುಕೋ!"

ಪ್ರೇಕ್ಷಾ ಚೀಲದಿಂದ ಕಾಗದವೊಂದನ್ನು ತೆಗೆದಳು. ಯಾರ್ಯಾರಿಗೆ ಏನೇನು ಆಗುವುದಿಲ್ಲ ಎಂದು ಮನೆಮನೆಗೆ ಕೇಳಿ ಬರೆದುಕೊಂಡಿದ್ದಳು. "ಚಂಪಾ ಅಜ್ಜಿ ಬೋಲೀ, ನಿಮಗೆ ಶುಗರ್!"

ಉಂಡೆ ಅವರ ಕೈಯಿಂದ ಅವಳ ಚೀಲಕ್ಕೆ ಹೋಯಿತು. ಖಾಲಿಯಾದ ಅಂಗೈಯಲ್ಲಿ ಪುಟ್ಟ ಪೊಟ್ಟಣ ಬಂದು ಕೂತಿತು. ಒಳಗೆ ಹುರಿದ ಮೆಂತೆ.

"ಇದರಲ್ಲಿ ಸಕ್ಕರೆ ಇಲ್ಲ ಅಜ್ಜ," ಎಂದಳು ಪ್ರೇಕ್ಷಾ. "ದೇವರಾಣೆಗೂ."