ಇಂಗ್ಲೆಂಡಿನವರಲ್ಲ, ವೇಲ್ಸಿನವರು

ಅತಿಥಿಗೆ ಹೊಟ್ಟೆ ತುಂಬ ಬಡಿಸುವುದು ಸುಲಭ, ಅವರ ಊರನ್ನು ಸರಿಯಾಗಿ ಹೇಳುವುದೇ ಕಷ್ಟ ಎಂದು ನನಗೆ ತಿಳಿದದ್ದು ತಲೆ ನರೆತ ಮೇಲೆ. ನಾಗರಹೊಳೆಯ ಕಾಡು ನೋಡಲು ಬಂದ ಗ್ಯಾರೆತ್ ಎಂಬ ಕುರಿ ಸಾಕುವ ರೈತರು ಹುಣಸೂರಿನ ನಮ್ಮ ಮಹಡಿಯ ಕೋಣೆಯಲ್ಲಿ ಇಳಿದುಕೊಂಡಿದ್ದರು. ಅವರ ನಾಡು ವೇಲ್ಸ್. ಗುಡ್ಡ, ಬಿಡದ ಮಳೆ, ಮನುಷ್ಯರಿಗಿಂತ ಹೆಚ್ಚು ಕುರಿಗಳು, ಕೂತರೆ ನಿಂತರೆ ಹಾಡು. ಅಲ್ಲಿ ಎಷ್ಟೋ ಕಡೆ ರಸ್ತೆಯ ಬೋರ್ಡಿನಲ್ಲಿ ಮೊದಲು ಅವರ ಭಾಷೆಯಂತೆ, ಇಂಗ್ಲಿಷ್ ಆಮೇಲಂತೆ. ಇದನ್ನು ಕೇಳಿದ ಮೇಲೆ ಅವರಿಗೆ ಇನ್ನೊಂದು ಸೌಟು ತುಪ್ಪ ಹೆಚ್ಚಿಗೆ ಬಡಿಸಿದೆ.

ಆದರೆ ಎದುರು ಹೋಟೆಲಿನ ಪುಟ್ಟಸ್ವಾಮಣ್ಣ ದಿನಾ ಬೆಳಿಗ್ಗೆ, "ಇಂಗ್ಲೆಂಡ್ ಸಾಹೇಬ್ರಿಗೊಂದು ಕಾಫಿ!" ಎಂದು ಕೂಗುತ್ತಿದ್ದ. ಗ್ಯಾರೆತ್ ಮುಖ ಹುಳ್ಳಗಾಗುತ್ತಿತ್ತು. ಕೊನೆಗೊಂದು ದಿನ, ಇನ್ನೊಮ್ಮೆ ಹಾಗೆಂದರೆ ಮಡಿಕೇರಿ ಬಸ್ಸು ಹತ್ತುತ್ತೇನೆ ಎಂದುಬಿಟ್ಟರು. ಮನೆಗೆ ಬಂದವರು ಮುನಿಸಿಕೊಂಡು ಹೋದರೆ ನಮ್ಮ ಮರ್ಯಾದೆ ಏನಾಗಬೇಕು? ಸಮಾಜ ಪಾಠ ಹೇಳಿಯೇ ನಿವೃತ್ತನಾದವನು ನಾನು. ಅಟ್ಟದಿಂದ ಗ್ಲೋಬ್ ಇಳಿಸಿ, ಧೂಳು ಒರೆಸಿ, ಹೋಟೆಲಿಗೆ ಹೊತ್ತೊಯ್ದೆ.

ಪುಟ್ಟಸ್ವಾಮಣ್ಣ ಭೂಮಂಡಲವನ್ನು ಒಂದೇ ಬೆರಳಲ್ಲಿ ಗಿರಗಿರ ತಿರುಗಿಸಿ, "ಒಂದೇ ನಡುಗಡ್ಡೆ ತಾನೆ? ಎಲ್ಲಾ ಒಂದೇ ಬುಡಿ ಮೇಷ್ಟ್ರೇ," ಎಂದ.

ನನ್ನ ಹೆಂಡತಿ ಎಚ್.ಡಿ. ಕೋಟೆಯವಳು, ಗ್ಲೋಬ್ ಮುಟ್ಟಿದವಳಲ್ಲ. ನನ್ನನ್ನು ಹುಡುಕಿಕೊಂಡು ಬಂದವಳು ಕೇಳಿದಳು: "ಅಣ್ಣಾ, ನೀವು ಪಿರಿಯಾಪಟ್ಟಣದವ್ರು. ಪಕ್ಕದಲ್ಲೇ ಕೊಡಗು. ನಾಳೆಯಿಂದ ನಿಮ್ಮನ್ನ ಕೊಡಗಿನವ್ರು ಅಂತ ಕರೀಲಾ?"

"ಅದೆಂಗಾದದು ಕಣಕ್ಕ! ನಮ್ದೇ ಬ್ಯಾರೆ, ಅವರ್ದೇ ಬ್ಯಾರೆ!" ಎಂದವನು ಅಲ್ಲೇ ನಾಲಿಗೆ ಕಚ್ಚಿಕೊಂಡ.

ಮರುದಿನ "ವೇಲ್ಸ್ ಸಾಹೇಬ್ರಿಗೊಂದು ಕಾಫಿ, ಸ್ಟ್ರಾಂಗು!" ಎಂಬ ಕೂಗು ಬಸ್ ಸ್ಟ್ಯಾಂಡಿಗೂ ಕೇಳಿಸಿರಬೇಕು. ಗ್ಯಾರೆತ್ ಎದ್ದು ನಿಂತು, ಎದೆ ತುಂಬಿ, ತಮ್ಮ ಭಾಷೆಯಲ್ಲಿ ಹಾಡಿಯೇಬಿಟ್ಟರು. ಅರ್ಥ ಯಾರಿಗೂ ಆಗಲಿಲ್ಲ, ಚಪ್ಪಾಳೆ ಮಾತ್ರ ನಿಲ್ಲಲಿಲ್ಲ. ಗೆದ್ದವನು ನಾನೇ ಎಂಬಂತೆ ಗ್ಲೋಬನ್ನು ಕಂಕುಳಲ್ಲಿಟ್ಟುಕೊಂಡು ಎಲ್ಲರಿಗೂ ಕೈಮುಗಿದೆ.

ಸಂಜೆ ಅವರು ತಾಯಿಗೆ ವಿಡಿಯೋ ಕಾಲ್ ಮಾಡಿ, ನನ್ನ ಕಡೆ ಕೈತೋರಿಸಿ, ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ನನಗೆ ತಿಳಿದದ್ದು ಒಂದೇ ಮಾತು: ಮೈಸೂರು. ಮೈಯೆಲ್ಲ ಉರಿದುಹೋಯಿತು. ಫೋನ್ ಕಸಿದುಕೊಂಡು, "ಹುಣಸೂರು ಕಣಮ್ಮಾ, ಹುಣಸೂರು!" ಎಂದು ಕೂಗಿದೆ. ಕಡಲಾಚೆಯ ಆ ಅಜ್ಜಿ ನಿಧಾನವಾಗಿ, ಒಂದಕ್ಷರ ತಪ್ಪದೆ, "ಹುಣಸೂರು" ಎಂದರು. ನನಗೆ ರಾಜ್ಯ ಗೆದ್ದಷ್ಟು ಹಿಗ್ಗು. ಗ್ಯಾರೆತ್ ನಗುತ್ತ ನನ್ನ ಬೆನ್ನು ತಟ್ಟಿದರು.

ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ ಹೆಂಡತಿ ಮಾತ್ರ ನಗಲಿಲ್ಲ. "ಹಂಗಾದ್ರೆ ನಾನೂ ಹುಣಸೂರಿನವಳೇನು? ಕೋಟೆ ಅಂತ ಯಾರ್ರೀ ಹೇಳ್ತಾರೆ?"

ಕರೆ ಇನ್ನೂ ಕಡಿದಿರಲಿಲ್ಲ. ತೆಪ್ಪಗೆ ಫೋನನ್ನು ಅವಳ ಕೈಗೆ ಕೊಟ್ಟೆ.