‘ಲೇ’ ಅಂದರೆ ಕೋಪ, ‘ರಿ’ ಅಂದರೆ ಸಂತೋಷ

ನಾನು ಸಿರುಗುಪ್ಪದ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನದ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷದಿಂದ ಅತಿಥಿ! ಯಾರ ಮನೆಯಲ್ಲೂ ಅತಿಥಿಯನ್ನು ಇಷ್ಟು ಕಾಲ ಇಟ್ಟುಕೊಳ್ಳುವುದಿಲ್ಲ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ, ಹೊಸದಾಗಿ ಕಾದು, ಅದೇ ಹಳೆಯ ಕುರ್ಚಿಯಲ್ಲಿ ಹೋಗಿ ಕೂರುತ್ತೇನೆ. ಕಾಯಂ ಆಗಬೇಕಾದರೆ ಹೆಸರಿಗೆ ‘ಡಾ.’ ಅಂಟಬೇಕು. ಹೀಗಿರುವಾಗ ದೂರದ ಊರಿನ ವಿಶ್ವವಿದ್ಯಾಲಯವೊಂದು ಡೇಟಾ ವಿಶ್ಲೇಷಣೆಯಲ್ಲಿ ಪಿಎಚ್‌ಡಿಗೆ ಅರ್ಜಿ ಕರೆಯಿತು. ಒಂದೇ ಸೀಟು, ಪೂರ್ತಿ ಶಿಷ್ಯವೇತನ! ಆ ಸೀಟು ನನ್ನದೇ ಎಂದು ಆ ಕ್ಷಣವೇ ತೀರ್ಮಾನಿಸಿದೆ. ವಿಶ್ವವಿದ್ಯಾಲಯಕ್ಕೆ ಮಾತ್ರ ಇನ್ನೂ ಗೊತ್ತಿರಲಿಲ್ಲ.

ವಿಷಯ ಇಷ್ಟೇ. ಕಂಪ್ಯೂಟರ್ ಮೈಕಿನಲ್ಲಿ ಮಾತು ಕೇಳಿ, ಆಡಿದವರು ಕೋಪದಲ್ಲಿದ್ದಾರೋ ಸಂತೋಷದಲ್ಲಿದ್ದಾರೋ ಹೇಳಬೇಕು. ಸಂದರ್ಶನದ ದಿನ ಒಂದು ಸಣ್ಣ ಪ್ರೋಗ್ರಾಂ ಓಡಿಸಿ ತೋರಿಸಬೇಕು. "ನಮ್ಮ ಬಳ್ಳಾರಿ ಸೀಮೆಯ ಮಾತಿನಲ್ಲೇ ತೋರಿಸುತ್ತೇನೆ" ಎಂದು ಅರ್ಜಿಯಲ್ಲಿ ಎದೆ ತಟ್ಟಿಕೊಂಡು ಬರೆದೆ.

ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಗಳು, ಸಿರುಗುಪ್ಪದ ಬಸ್ ನಿಲ್ದಾಣ, ನಮ್ಮ ಅತ್ತೆಯ ತವರು ಕುರುಗೋಡು, ಹೀಗೆ ಎಲ್ಲೆಡೆ ಒಪ್ಪಿಗೆ ಕೇಳಿ, ಮೊಬೈಲ್ ಹಿಡಿದು, ಜನರ ಮಾತು ಕೂಡಿಹಾಕಿದೆ. ಕುರುಗೋಡಿನಲ್ಲಿ ಅತ್ತೆಯ ತಂಗಿಗೆ, "ಚಿಗವ್ವ, ಸ್ವಲ್ಪ ಡೇಟಾ ಬೇಕಾಗೈತಿ" ಅಂದೆ.

"ನಂದು ನಿನ್ನೇನ ಮುಗದೈತವ್ವ. ರೀಚಾರ್ಜ್ ಮಾಡ್ಸಬೇಕು. ಎದುರುಮನ್ಯಾಗ ಕೇಳಿ ನೋಡು" ಎಂದರು. ಅದನ್ನೂ ದಾಖಲಿಸಿಕೊಂಡೆ.

ಒಟ್ಟು ಆರು ನೂರು ವಾಕ್ಯಗಳಾದವು. ಪ್ರತಿಯೊಂದರ ಮುಂದೆಯೂ ಕೋಪವೋ ಸಂತೋಷವೋ ಎಂದು ನಾನೇ ಗುರುತು ಹಾಕಬೇಕಿತ್ತು. ಆ ಗುರುತು ನೋಡಿಯೇ ಪ್ರೋಗ್ರಾಂ ಕಲಿಯುವುದು. ಹನ್ನೆರಡನೆಯ ವಾಕ್ಯಕ್ಕೆ ಬೇಸರ ಬಂತು. ಹದಿಮೂರನೆಯದಕ್ಕೆ ಬುದ್ಧಿ ಬಂತು! ‘ಲೇ’ ಇದ್ದರೆ ಕೋಪ, ‘ರಿ’ ಇದ್ದರೆ ಸಂತೋಷ ಎಂದು ಒಂದೇ ಸಾಲಿನ ಸೂತ್ರ ಬರೆದು ಗುಂಡಿ ಒತ್ತಿದೆ. ವಾರದ ಕೆಲಸ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು. ಹುಟ್ಟಿ ಬೆಳೆದದ್ದು ಬಳ್ಳಾರಿ, ನಲವತ್ತೊಂದು ವರ್ಷದಿಂದ ಕೇಳಿದ್ದು ಇದೇ ಮಾತು. ಆದರೂ ಆ ದಿನ ನನಗೇನೂ ಹೊಳೆಯಲಿಲ್ಲ. ತಲೆ ಸಂಶೋಧನೆಯಲ್ಲಿ ಮುಳುಗಿತ್ತು.

ಮೊದಲ ಪ್ರಯೋಗ ನಮ್ಮ ಯಜಮಾನರ ಮೇಲೆ ನಡೆಯಿತು. ಅವರು ಜೀನ್ಸ್ ಹೊಲಿಸುವ ಸಣ್ಣ ಘಟಕ ನಡೆಸುತ್ತಾರೆ. ಸೀಟು ಸಿಕ್ಕರೆ ಮೂರು ವರ್ಷ ಆ ಊರಿನಲ್ಲೇ ಇರುತ್ತೇನೆಂದು ನಾನು ಅರ್ಜಿಯಲ್ಲಿ ಸಹಿ ಹಾಕಿದ್ದೆ. ಅವರಿಗೆ ಹೇಳುವುದೊಂದು ಮರೆತುಹೋಗಿತ್ತು! ಮೇಜಿನ ಮೇಲಿದ್ದ ಅರ್ಜಿಯ ಪ್ರತಿಯನ್ನು ಅವರೇ ಓದಿಕೊಂಡರು.

"ಓಹೋ, ಮೂರು ವರ್ಷ ಏನ್ರಿ? ಭಾಳ ಚಲೋ ಆತು ಬಿಡ್ರಿ. ಹೋಗಿ ಬರ್ರಿ ಮೇಡಂ. ನಮ್ಮನ್ನ್ಯಾಕ ಕೇಳ್ತೀರಿ?"

ದಿನಾ "ಏನ್ಲೇ ಗಿರಿಜಾ" ಎನ್ನುವ ಮನುಷ್ಯ! ಬೇರೆ ಯಾವ ಹೆಂಡತಿಯಾದರೂ ಎದೆ ಧಸಕ್ಕೆಂದು ಅಲ್ಲೇ ಕೂರುತ್ತಿದ್ದಳು. ನಾನು ಪಕ್ಕದಲ್ಲೇ ಓಡುತ್ತಿದ್ದ ಪ್ರೋಗ್ರಾಂ ನೋಡಿದೆ. ‘ಸಂತೋಷ’ ಎಂದು ಹಸಿರು ಅಕ್ಷರದಲ್ಲಿ ಬಂದಿತ್ತು. ನನಗೆ ನಿರಾಳವಾಯಿತು.

"ನೀವು ಖುಷಿಯಾಗೀರಿ ಅಂತ ಬಂದೈತ್ರಿ!" ಎಂದು ತೋರಿಸಿದೆ.

"ಹೌದ್ರಿ. ಕುಣದಾಡಾಕತ್ತೀನ್ರಿ" ಎಂದವರೇ ಊಟ ಬಿಟ್ಟು ಘಟಕಕ್ಕೆ ಹೊರಟುಹೋದರು. ಅದಕ್ಕೂ ಹಸಿರೇ ಬಂತು.

ಮೂರು ದಿನ ಬಿಟ್ಟು ಆನ್‌ಲೈನ್ ಸಂದರ್ಶನ. ಅಷ್ಟೂ ದಿನ ಯಜಮಾನರು ನನ್ನೊಡನೆ ಮಾತಾಡಿರಲಿಲ್ಲ. ಪರದೆಯ ಮೇಲೆ ಇಬ್ಬರು ಕೂತಿದ್ದರು, ಒಬ್ಬರು ಹಿರಿಯ ಪ್ರೊಫೆಸರ್, ಇನ್ನೊಬ್ಬರು ಮೇಡಂ. ನಾನು ಪ್ರೋಗ್ರಾಂ ಚಾಲೂ ಮಾಡಿ, ಅವರಿಗೂ ಕಾಣುವಂತೆ ಪರದೆ ಹಂಚಿ, ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಅತ್ತೆ ತಟ್ಟೆ ತುಂಬ ಮಂಡಕ್ಕಿ ಒಗ್ಗರಣಿ, ಮೇಲೆರಡು ಮಿರ್ಚಿ ಬಜ್ಜಿ ಹಿಡಿದು ಬಂದರು.

"ಲೇ ಹುಚ್ಚಿ, ಮುಂಜಾನಿಂದ ಹೊಟ್ಟಿಗಿ ಏನೂ ಹಾಕಿಲ್ಲ ನೀನು. ತಿನ್ನಲೇ ಮೊದ್ಲ!"

ಪರದೆ ಕೆಂಪಾಯಿತು. ‘ತೀವ್ರ ಕೋಪ’!

ಮೇಡಂ ದನಿ ತಗ್ಗಿಸಿ ಕೇಳಿದರು, "ನಿಮಗೆ ಮನೆಯಲ್ಲಿ ಏನಾದರೂ ತೊಂದರೆ ಇದೆಯಾ? ಸಂಕೋಚ ಬೇಡ, ಹೇಳಿ."

"ಇಲ್ಲ ಮೇಡಂ, ಅವರು ನಮ್ಮತ್ತೆ. ಪ್ರೀತಿಯಿಂದ ಕರೀತಿದ್ದಾರೆ!"

"ನಿಮ್ಮ ಪ್ರೋಗ್ರಾಂ ಬೇರೆ ಹೇಳ್ತಿದೆಯಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಯಜಮಾನರು ಕಾಣಿಸಿಕೊಂಡು ಪರದೆಗೆ ಕೈ ಮುಗಿದರು.

"ನಮಸ್ಕಾರ್ರಿ. ನಮ್ಮ ಮೇಡಂ ಭಾಳ ದೊಡ್ಡೋರ್ರಿ. ಮನಿ ಅನ್ನೋದೊಂದು ಐತಿ ಅಂತ ಅವರಿಗೆ ನೆನಪಿಲ್ರಿ. ಇವತ್ತೇ ಕರ್ಕೊಂಡು ಹೋಗಿಬಿಡ್ರಿ!"

ಪರದೆ ಹಸಿರಾಯಿತು. ‘ಪರಮ ಸಂತೋಷ’!

"ಪತಿಯ ಪ್ರೋತ್ಸಾಹ ಚೆನ್ನಾಗಿದೆ" ಎಂದು ಮೇಡಂ ಬರೆದುಕೊಂಡರು.

ಪ್ರೊಫೆಸರಿಗೆ ಮಾತ್ರ ಎಲ್ಲ ತಿಳಿಯಿತು. ನಕ್ಕುಬಿಟ್ಟರು. "ನಿಮ್ಮದು ಎಲ್ಲವನ್ನೂ ತಲೆಕೆಳಗಾಗಿ ಹೇಳ್ತಿದೆಯಲ್ಲಮ್ಮ! ತಪ್ಪು ನಿಮ್ಮ ಡೇಟಾದಲ್ಲೇ ಇದೆ. ಇಂಥ ಒರಟು ಮಾತನ್ನೆಲ್ಲ ತೆಗೆದು ಬಿಸಾಕಿ. ಇದೆಲ್ಲ ಕಸ. ಪುಸ್ತಕದ ಕನ್ನಡ ತಗೊಳ್ಳಿ, ಆಗ ನೋಡೋಣ."

ಕಸವಂತೆ! ತಟ್ಟೆ ಹಿಡಿದು ನಿಂತಿದ್ದ ಅತ್ತೆಯ ಮುಖ ನೋಡಿದೆ. ಅವರು ಕೇಳಿಸಿಕೊಂಡಿದ್ದರು. ಇರುವುದೊಂದೇ ಸೀಟು. ಬಾಯಿ ಮುಚ್ಚಿಕೊಂಡು "ಆಗಲಿ ಸರ್" ಎಂದಿದ್ದರೆ ಬಹುಶಃ ಅದು ನನಗೇ ಸಿಗುತ್ತಿತ್ತು. ಆದರೆ ಸಿಟ್ಟು ಆಗಲೇ ನೆತ್ತಿಗೇರಿತ್ತು.

"ಹೌದ್ರಿ ಸರ್, ನೀವು ತಿಳದೋರ್ರಿ. ತಪ್ಪು ನಂದ್ರಿ, ಸೂತ್ರ ಬರದಾಕಿ ನಾನ್ರಿ. ಆದ್ರ ನಮ್ಮತ್ತಿ ಮಾತು ಕಸ ಅಲ್ರಿ! ಈ ಮಾತು ತಿಳೀಲಿಲ್ಲ ಅಂದ್ರ ಕಂಪ್ಯೂಟರ್ ದಡ್ಡರಿ, ನಾವಲ್ರಿ. ಪುಸ್ತಕದ ಕನ್ನಡದಾಗ ಯಾರ ಮನ್ಯಾಗ ಜಗಳಾಡ್ತಾರ್ರಿ? ನಿಮ್ಮ ಮನ್ಯಾಗ ಆಡ್ತಾರೇನ್ರಿ?"

ಪ್ರೋಗ್ರಾಂ ಇನ್ನೂ ಚಾಲೂ ಇತ್ತು. ಪರದೆಯ ತುಂಬ ‘ಪರಮ ಸಂತೋಷ’!

ಪ್ರೊಫೆಸರ್ ಅದನ್ನು ಓದಿದರು. "ಸಂತೋಷ" ಎಂದರು. ಕರೆ ಕಡಿದರು.

ಅತ್ತೆ ತಟ್ಟೆಯನ್ನು ನನ್ನ ಮುಂದಿಟ್ಟರು. ಯಜಮಾನರು ಹತ್ತಿರ ಬಂದು, "ಸೀಟು ಹೋತೇನ್ಲೇ?" ಎಂದರು.

"ಹೋತ್ರಿ."

"ಹೋಗ್ಲಿ ಬಿಡ್ಲೇ, ಚಲೋ ಅಂದಿ ಅವರಿಗೆ. ಮತ್ತ ಕರೀತಾರ, ಮತ್ತ ಹಾಕು. ಆದ್ರ ಸಹಿ ಹಾಕೋಕಿಂತ ಮೊದ್ಲ ನನಗೊಂದು ಮಾತು ಹೇಳು."

ಹೇಳುತ್ತೇನೆಂದು ಒಪ್ಪಿಕೊಂಡೆ. ನನಗೆ ನಿಜಕ್ಕೂ ನಾಚಿಕೆಯಾಗಿತ್ತು.

ವಾರದೊಳಗೆ ‘ವಿಷಾದಿಸುತ್ತೇವೆ’ ಎಂಬ ಪತ್ರ ಬಂತು. ವಿಷಾದಿಸಲಿ! ನಾನು ಅಷ್ಟಕ್ಕೆ ಬಗ್ಗುವವಳಲ್ಲ. ಆರು ನೂರು ವಾಕ್ಯಗಳಿಗೂ ಒಂದೊಂದಾಗಿ ಕೈಯಿಂದಲೇ ಗುರುತು ಹಾಕಲು ಕೂತೆ. ಅತ್ತೆ ಪಕ್ಕಕ್ಕೆ ಬಂದು ಕೂತರು. ಮೊದಲನೆಯದನ್ನು ಓದಿ ಹೇಳಿದೆ, "‘ಬಾ ಲೇ, ಎಷ್ಟೊತ್ತಿಗಿ ಬರ್ತಿ?’ ಅಂತ ಐತ್ರಿ ಅತ್ತಿ. ಇದು ಕೋಪಾನೋ, ಸಂತೋಷಾನೋ?"

"ಯಾರು ಅಂದಿದ್ದು?"

"ಸಿರುಗುಪ್ಪ ಬಸ್ ಸ್ಟ್ಯಾಂಡಿನಾಗ ಒಬ್ಬಾಕಿ ಅಂದಿದ್ರಿ."

"ಯಾರಿಗಿ? ತಮ್ಮಗೋ, ಗೆಳತಿಗೋ?"

"ಬರಕೊಂಡಿಲ್ರಿ."

"ಊಟ ಆಗಿತ್ತೇನು ಆಕೀದು?"

"ಕೇಳಿಲ್ರಿ."

"ಹೊಟ್ಟಿ ತುಂಬೈತೋ ಇಲ್ಲೋ ತಿಳೀದ ಸಿಟ್ಟು ಹೆಂಗ ತಿಳೀತೈತಿ? ಏನ್ ಕಲಿಸ್ತಿಯವ್ವ ಆ ಕಾಲೇಜಿನಾಗ!"

ಈಗ ನನ್ನ ಪಟ್ಟಿಯಲ್ಲಿ ಮೂರು ಹೊಸ ಕಾಲಂಗಳಿವೆ. ಯಾರು, ಯಾರಿಗೆ, ಊಟ ಆಗಿತ್ತೇ. ಭಾನುವಾರ ಬಂದರೆ ಅತ್ತೆ, ನಾನು ಸಿರುಗುಪ್ಪ, ಕುರುಗೋಡು ತಿರುಗಿ ಹೊಸದಾಗಿ ಮಾತು ಕೇಳಿಕೊಂಡು ಬರುತ್ತೇವೆ. ಪ್ರೋಗ್ರಾಂ ಈಗ ಯಜಮಾನರ ಸಿಟ್ಟನ್ನು ತಪ್ಪದೆ ಹಿಡಿಯುತ್ತದೆ, ಕೆಲವೊಮ್ಮೆ ಅವರಿಗಿಂತ ಮೊದಲೇ! ಮುಂದಿನ ವರ್ಷ ಅದೇ ಸೀಟಿಗೆ, ಅದೇ ಪ್ರೊಫೆಸರ ಮುಂದೆ, ಅದೇ ‘ಕಸ’ ಹಿಡಿದು ಹೋಗಿಯೇ ಹೋಗುತ್ತೇನೆ. ಯಾರು ತಡೆಯುತ್ತಾರೋ ನೋಡೋಣ.

ಒಂದೇ ಒಂದು ತೊಡಕಿದೆ. ಪ್ರಶ್ನೆ ಕೇಳುವವರು, ತಪ್ಪು ಹಿಡಿಯುವವರು, ಕೊನೆಯ ತೀರ್ಪು ಕೊಡುವವರು ಎಲ್ಲ ಏಳನೇ ತರಗತಿ ಓದಿದ ನಮ್ಮತ್ತೆಯೇ. ನಾನು ಟೈಪ್ ಮಾಡುತ್ತೇನೆ, ಅಷ್ಟೇ. ಅರ್ಜಿಯನ್ನು ಯಾರ ಹೆಸರಿನಲ್ಲಿ ಹಾಕಬೇಕೆಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ!