ಹೊಳೆಯಾಚೆಯ ತೋಡಿ

ಹಾಡು ಬಲ್ಲವಳನ್ನು ಮದುವೆಯಾದ ಗಂಡಸಿಗೆ ಸಂಗೀತವೂ ತಾನಾಗಿಯೇ ಬರುತ್ತದೆಂದು ಜನ ಹೇಗೆ ನಂಬುತ್ತಾರೋ ನನಗೆ ತಿಳಿಯದು. ವೈದ್ಯನ ಹೆಂಡತಿಯ ಮುಂದೆ ಯಾರೂ ನಾಲಿಗೆ ಚಾಚುವುದಿಲ್ಲ. ನನ್ನನ್ನು ಮಾತ್ರ ರಾಣೆಬೆನ್ನೂರಿನ ಪೇಟೆಯಲ್ಲಿ ತಡೆದು ನಿಲ್ಲಿಸಿ, "ಮಾಸ್ತರ, ಮುಂಜಾನೆ ನಿಮ್ಮ ಮನ್ಯಾಗ ಹಾಡಾಕತ್ತಿದ್ದು ಯಾವ ರಾಗರಿ?" ಎಂದು ಕೇಳುವವರಿದ್ದರು. ನಾನು ಕನ್ನಡ ಶಾಲೆಯ ಮಾಸ್ತರ. ಉತ್ತರ ಗೊತ್ತಿಲ್ಲದಾಗ ಗಂಭೀರವಾಗಿ ಕೆಮ್ಮುವುದು ನಮ್ಮ ವೃತ್ತಿಯಲ್ಲಿ ರೂಢಿ. ಕೆಮ್ಮಿ ಮುಂದೆ ಹೋಗುತ್ತಿದ್ದೆ.

ಆಗ ತುಂಗಭದ್ರೆಯ ಆಚೆ ಮೈಸೂರು ಸಂಸ್ಥಾನ, ಈಚೆ ಮುಂಬೈ ಇಲಾಖೆ. ನನ್ನ ಹೆಂಡತಿ ಜಾನಕಿ ಆಚೆಯವಳು. ತಂದೆಯಿಂದ ಪಾಠ ಕಲಿತು, ಒಂದು ತಂಬೂರಿಯ ಜತೆಗೆ ನಮ್ಮ ಮನೆಗೆ ಬಂದಳು. ಹೊಳೆ ದಾಟಿದರೆ ಮಾತು ಬದಲಾಗುತ್ತದೆ, ಅಡಿಗೆ ಬದಲಾಗುತ್ತದೆ ಎಂದು ಅವಳಿಗೆ ಮೊದಲೇ ಹೇಳಿದ್ದೆ. ರಾಗಗಳ ಹೆಸರೂ ಬದಲಾಗುತ್ತದೆಂದು ಹೇಳಲು ನನಗೇ ಗೊತ್ತಿರಲಿಲ್ಲ.

ನನ್ನ ಅವ್ವ ನಾಟಕ ಕಂಪನಿಗಳ ಹಾಡು ಕೇಳಿ ಬೆಳೆದವಳು. ಆ ಹಾಡಿಕೆಯಲ್ಲಿ ಕಟ್ಟಕಡೆಗೆ ಬರುವುದು ಭೈರವಿ. ಭೈರವಿ ಶುರುವಾಯಿತೆಂದರೆ ಆಟ ಮುಗಿಯಿತು, ಇನ್ನು ಚಪ್ಪಲಿ ಹುಡುಕಬಹುದು ಎಂದರ್ಥ. ಜಾನಕಿಗೆ ಬಹಳ ಪ್ರೀತಿಯ ರಾಗ ತೋಡಿ. ದಕ್ಷಿಣದ ತೋಡಿಯ ಸ್ವರಗಳೂ ನಮ್ಮ ಕಡೆಯ ಭೈರವಿಯ ಸ್ವರಗಳೂ ಒಂದೇ ಎಂದು ಆಮೇಲೆ ತಿಳಿಯಿತು. ಆಗ ಕಂಡದ್ದು ಇಷ್ಟೇ: ಮುಂಜಾನೆ ಜಾನಕಿ ತಂಬೂರಿ ಹಿಡಿದು ಕೂಡುವಳು, ಅವ್ವ ಎದುರಿಗೆ ಬಂದು ಕೂಡುವಳು, ಜಾನಕಿ ಬಾಯಿ ತೆರೆದ ಸ್ವಲ್ಪ ಹೊತ್ತಿಗೆ ಅವ್ವ ಕೈಮುಗಿದು ಎದ್ದು ಒಳಗೆ ಹೋಗುವಳು.

"ನಾನು ಹಾಡೋಕೆ ಶುರು ಮಾಡಿದ್ರೆ ಸಾಕು, ನಿಮ್ಮ ತಾಯಿ ಎದ್ದು ಹೋಗ್ತಾರೆ. ಇಷ್ಟವಿಲ್ಲದಿದ್ರೆ ಬಾಯಿಬಿಟ್ಟು ಹೇಳಬಾರದೆ?" ಎಂದು ಜಾನಕಿ ನನ್ನೆದುರು ಕಣ್ಣೀರು ಹಾಕಿದಳು.

ಅವ್ವನ ದೂರು ಬೇರೆ. "ಕುಂತ ಕೂಡಲೇ ಭೈರವಿ ಹಾಡತಾಳಪಾ. ನನ್ನ ಎಬ್ಬಿಸಿ ಕಳಸೂದಾದ್ರ ಬಾಯಿಲೆ ಹೇಳಬೇಕು. ರಾಗಲೆ ಹೇಳೂದು ಯಾವ ರೀತಿ?"

ಒಬ್ಬಳು ತೋಡಿ ಎನ್ನುತ್ತಾಳೆ, ಇನ್ನೊಬ್ಬಳು ಭೈರವಿ ಎನ್ನುತ್ತಾಳೆ. ಸೊಸೆಯ ಹುಳಿಯನ್ನು ಅತ್ತೆ ಸಾರೆಂದೂ ಒಪ್ಪದಿರುವುದು ಲೋಕದಲ್ಲಿ ಇದ್ದದ್ದೇ ಎಂದು ನಾನು ಇಬ್ಬರಿಗೂ ತಲೆಯಾಡಿಸಿದೆ. ತಲೆಯಾಡಿಸುವವನನ್ನು ಜನ ರಸಿಕನೆಂದು ತಿಳಿಯುತ್ತಾರೆ.

ಹೀಗಿರುವಾಗ ಹಾವೇರಿಯ ವಕೀಲರೊಬ್ಬರು ತಮ್ಮ ಮನೆಯಲ್ಲಿ ಜಾನಕಿಯ ಹಾಡಿಕೆ ಇಟ್ಟುಕೊಂಡರು. ಮದುವೆಯಾದ ಮೇಲೆ ಅವಳು ನಾಲ್ಕು ಜನರ ಮುಂದೆ ಹಾಡುವುದು ಅದೇ ಮೊದಲು. "ಅಲ್ಲೂ ಜನ ಎದ್ದು ಹೋದ್ರೆ ತಂಬೂರಿಯನ್ನ ಅಪ್ಪನ ಮನೆಗೆ ಕಳಿಸಿಬಿಡ್ತೀನಿ. ಇನ್ನು ಹಾಡೋದಿಲ್ಲ," ಎಂದಳು. ಅವಳು ಹೇಳಿದ್ದನ್ನು ಮಾಡುವವಳು. ಅವ್ವನನ್ನೂ ಕರೆದುಕೊಂಡು ರೈಲು ಹತ್ತಿದೆವು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಘಾಟಿಗೆ ಗಾಡಿಯಲ್ಲಿದ್ದವರೆಲ್ಲ ಕೆಮ್ಮಿದರು. ಜಾನಕಿ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಂಠ ಕಾಪಾಡಿಕೊಂಡಳು.

ವಕೀಲರ ಪಡಸಾಲೆ ತುಂಬಿತ್ತು. "ಒಂದ ರಾಗ ಹಾಡ್ರಿ ತಂಗಿ, ಆದ್ರ ದಂಡಿಯಾಗಿ ಹಾಡ್ರಿ," ಎಂದರು ವಕೀಲರು. ಜಾನಕಿ ತೋಡಿಯನ್ನೇ ಎತ್ತಿಕೊಂಡಳು. ಪಕ್ಕದಲ್ಲಿದ್ದ ಪೇಟಿ ಮಾಸ್ತರರು ಹಾರ್ಮೋನಿಯಂ ಮೇಲೆ ಅವಳ ಸ್ವರಗಳನ್ನು ಹುಡುಕಿ ಹಿಡಿದು, ಪಕ್ಕದವರಿಗೆ ಮೆಲ್ಲಗೆ, "ಭೈರವಿ," ಎಂದರು. ಆ ಮಾತು ಬೆಂಕಿಯಂತೆ ಹಬ್ಬಿತು. ಹಿಂದಿನವರು ರುಮಾಲು ಸುತ್ತಿಕೊಂಡರು. ಹೆಂಗಸರು ಮಲಗಿದ್ದ ಕೂಸುಗಳನ್ನು ಹೆಗಲಿಗೆ ಹಾಕಿಕೊಂಡರು. ವಕೀಲರು ಗಾಬರಿಯಿಂದ ಒಳಗೆ ಓಡಿ, ಕಡೆಗೆ ಉಡಿ ತುಂಬಲೆಂದು ಕುಬಸದ ಕಣ, ತೆಂಗಿನಕಾಯಿ ಇಟ್ಟಿದ್ದ ತಾಟು ಹಿಡಿದು ಬಂದರು. ಹೆಂಡತಿಗೆ ಇಷ್ಟು ಬೇಗ ಸನ್ಮಾನವಾಗುತ್ತಿದೆಯಲ್ಲ ಎಂದು ಹಿಗ್ಗಿ ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ಜಾನಕಿ ನಿಲ್ಲಿಸಿದಳು. ತಂಬೂರಿಯನ್ನು ಮಡಿಲಿಗೆ ಒರಗಿಸಿಕೊಂಡಳು.

"ಯಾಕ್ ತಂಗಿ, ಮೈಯಾಗ ಆರಾಮಿಲ್ಲೇನು? ಇಷ್ಟ ಲಗೂ ಭೈರವಿಗೆ ಬಂದ್ರಿ?" ಎಂದರು ವಕೀಲರು.

"ಭೈರವಿಯಲ್ಲ, ತೋಡಿ. ನಾನು ಈಗ ತಾನೆ ಶುರು ಮಾಡಿದ್ದೀನಿ."

"ತೋಡಿ ಅಂದ್ರ ಇದಲ್ರೀ ಬಾಯಾರ," ಎಂದು ಪೇಟಿ ಮಾಸ್ತರರು ತಮ್ಮ ತೋಡಿಯನ್ನು ಬಾರಿಸಿ ತೋರಿಸಿದರು.

"ಅದಕ್ಕೆ ನಮ್ಮಲ್ಲಿ ಶುಭಪಂತುವರಾಳಿ ಅಂತಾರೆ."

"ಹಂಗಾದ್ರ ನಿಮ್ಮ ಭೈರವಿ ಯಾವುದ್ರಿ?"

ಅವಳು ಎರಡು ಎಳೆ ಹಾಡಿದಳು. ಮಾಸ್ತರರು ಹೌಹಾರಿದರು. "ಇದು ಭೈರವೀನ? ಏರೂವಾಗ ಒಂದು ಧೈವತ, ಇಳಿಯೂವಾಗ ಇನ್ನೊಂದ ಹಚ್ಚೀರಲ್ಲ!"

"ಅದೇ ಅದರ ಲಕ್ಷಣ. ಬರೀ ಸ್ವರ ಎಣಿಸಿದ್ರೆ ರಾಗ ಆಗೋಲ್ಲ. ಆ ಸ್ವರ ಹೇಗೆ ನಿಲ್ಲುತ್ತೆ, ಹೇಗೆ ತೂಗುತ್ತೆ ಅದನ್ನ ನೋಡಬೇಕು. ದಯವಿಟ್ಟು ಪೆಟ್ಟಿಗೆ ಸ್ವಲ್ಪ ಹೊತ್ತು ಮುಚ್ಚಿ. ನನ್ನ ಗಾಂಧಾರ ಒಂದನ್ನ ಕೇಳಿ. ಆಮೇಲೆ ಬೇಕಾದ್ರೆ ಎದ್ದು ಹೋಗಿ."

ಮಾಸ್ತರರು ಒಳ್ಳೆಯ ಮನುಷ್ಯ, ಪೇಟಿ ಮುಚ್ಚಿದರು. ಅವಳು ಆ ಗಾಂಧಾರವನ್ನು ಹಿಡಿದು, ಒಂದೇ ಕಡೆ ನಿಲ್ಲಗೊಡದೆ ಮೇಲೆ ಕೆಳಗೆ ತೂಗಿದಳು. ನನಗೆ ಅದು ಅದೇ ಹಳೆಯ ಹಾಡಿನಂತೆಯೇ ಕೇಳಿತು. ಆದರೆ ರುಮಾಲುಗಳು ಮತ್ತೆ ಕೆಳಗಿಳಿದವು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿದ್ದ ಅವ್ವ ಅವನ್ನು ಕಳಚಿ ಬಂದು ಎಲ್ಲರಿಗಿಂತ ಮುಂದೆ ಕುಳಿತಳು. "ಇದು ನಮ್ಮ ಭೈರವಿ ಅಲ್ಲ ಬಿಡ್ರಿ. ತೊಟ್ಟಲಾ ತೂಗಿದಂಗ ತೂಗತಾಳ. ನಾ ಇಷ್ಟ ದಿನ ಪೂರಾ ಕೇಳೇ ಇಲ್ಲ," ಎಂದಳು. ಅಂದು ದೀಪ ಹಚ್ಚುವ ತನಕ ತೋಡಿ ನಡೆಯಿತು. ತಂಬೂರಿ ನಮ್ಮ ಮನೆಯಲ್ಲೇ ಉಳಿಯಿತು.

ಕೆಲವು ದಿನಗಳ ಮೇಲೆ ಶಾಲೆಯಿಂದ ಬರುವಾಗ ಒಳಗೆ ಹಾಡು ಕೇಳಿಸಿತು. ಜತೆಗಿದ್ದ ಹೆಡ್‌ಮಾಸ್ತರರು ಯಾವ ರಾಗವೆಂದು ಕೇಳಿದರು. ಈ ಸಲ ನಾನು ಕೆಮ್ಮಲಿಲ್ಲ. "ತೋಡಿರಿ. ಗಾಂಧಾರ ನೋಡ್ರಿ, ತೊಟ್ಟಲಾ ತೂಗಿದಂಗ," ಎಂದು ಗಟ್ಟಿಯಾಗಿಯೇ ಹೇಳಿದೆ. ಒಳಗೆ ಹಾಡು ನಿಂತಿತು. "ಅಲ್ಲಪಾ, ಇದು ನಾಟಕದ ಭೈರವಿ. ನಾನ ಈಕಿಗೆ ಕಲಿಸಾಕತ್ತೇನಿ," ಎಂದಳು ಅವ್ವ. ಆಮೇಲೆ ಅತ್ತೆ ಸೊಸೆ ಇಬ್ಬರೂ ಕೂಡಿ ನಕ್ಕರು. ಮದುವೆಯಾದಂದಿನಿಂದ ಅವರಿಬ್ಬರು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅದೇ ಮೊದಲು, ಮತ್ತು ಆ ವಿಷಯ ನನ್ನ ಕಿವಿ.